ಹೊಳೆಯಲ್ಲ, ತೇವಾಂಶ

ಹರಿಯುವುದನ್ನೆಲ್ಲ ಹರಿಯಬಿಟ್ಟ ಭಗವಂತನಿಗೆ ಮೊದಲ ನಮಸ್ಕಾರ. ಆತನ ಕೆಲಸಕ್ಕೆ ಮೊಹರು ಒತ್ತುವ ನಮ್ಮ ಹೊಳೆ ಕಚೇರಿಗೆ ಎರಡನೆಯದು.

ಈ ಕಚೇರಿ ಹಿಂದೊಮ್ಮೆ ಕಾಂಕ್ರೀಟ್ ದಡ ಕಟ್ಟಿ ಹೊಳೆಯನ್ನು ನೆಟ್ಟಗೆ ಮಾಡಿತ್ತು. ಅಂದಿನಿಂದ ಪ್ರತಿ ಮಳೆಗಾಲ ಪೇಟೆಗೆ ನೀರು ನುಗ್ಗತೊಡಗಿದ್ದರಿಂದ, ದಡ ಒಡೆದು ಹೊಳೆಯನ್ನು ಅದರ ಪಾಡಿಗೆ ಬಿಡಲು ಆದೇಶವಾಯಿತು. ದೇವರು ದೊಡ್ಡವನು. ಆದೇಶದ ಕೊನೆಯ ಸಾಲು ಹೀಗಿತ್ತು: "ಹೊಳೆಯು ಮಂಜೂರಾದ ನಕ್ಷೆಯಂತೆಯೇ ಸ್ವಚ್ಛಂದವಾಗಿ ಹರಿಯತಕ್ಕದ್ದು."

ಹೊಳೆ ಸ್ವಚ್ಛಂದವಾಗಿ ಹರಿಯಿತು, ನಕ್ಷೆಯಂತೆ ಹರಿಯಲಿಲ್ಲ. ಹಾಗಾಗಿ ನಕ್ಷೆಗಾರರು ದಿನಾ ಬೆಳಿಗ್ಗೆ ದಡಕ್ಕೆ ಹೋಗಿ, ಹೊಳೆ ಎಲ್ಲಿ ತಿರುಗಿದೆಯೋ ನೋಡಿಕೊಂಡು ಬಂದು, ನಕ್ಷೆಯನ್ನೂ ಹಾಗೇ ತಿರುಗಿಸುತ್ತಿದ್ದರು. ತಪಾಸಣೆಗೆ ಮೇಲಿನವರು ಬಂದಾಗಲೆಲ್ಲ ಹೊಳೆ ಒಂದಂಗುಲ ತಪ್ಪಿರಲಿಲ್ಲ. ಹೊಗಳಿಸಿಕೊಂಡು ಹೊಗಳಿಸಿಕೊಂಡು ಇಂಜಿನಿಯರ್ ಸಾಹೇಬರಿಗೆ, ಹೊಳೆ ತಮ್ಮ ನಕ್ಷೆ ನೋಡಿಯೇ ಹರಿಯುತ್ತದೆಂಬ ಭಕ್ತಿ ಮೂಡಿತು. ಭಕ್ತಿ ಎಲ್ಲಿ ಕಂಡರೂ ನಾನು ಕೈಮುಗಿಯುವವನು.

ಒಂದು ದಿನ ನಕ್ಷೆಗಾರರು ಏದುಸಿರು ಬಿಡುತ್ತ ಬಂದರು.

"ಸಾರ್, ಹೊಳೆ ನಿಮ್ಮ ಹೊಸ ಮನೆ ಕಡೆ ತಿರುಗ್ತಿದೆ! ಅದರ ಹಳೇ ಪಾತ್ರ ಅಲ್ಲೇ ಇತ್ತಂತೆ."

"ಅಯ್ಯೋ, ಇನ್ನೂ ಬಣ್ಣ ಆರಿಲ್ಲ ಕಣ್ರೀ! ಜೀವಮಾನದ ದುಡಿಮೆ ಅದು. ನಕ್ಷೆಯಲ್ಲಿ ಆಚೆ ತಿರುಗಿಸಿ."

"ತಿರುಗಿಸ್ಬಹುದು ಸಾರ್. ಹೊಳೆ ಕೇಳ್ಬೇಕಲ್ಲ?"

"ಇಷ್ಟು ದಿನದಲ್ಲಿ ಒಂದ್ಸಲನಾದ್ರೂ ನಮ್ಮ ಮಾತು ಮೀರಿದ್ಯೇನ್ರೀ ಅದು?"

ನಕ್ಷೆಗಾರರು ಪೆನ್ಸಿಲ್ ಕೈಗೆತ್ತಿಕೊಂಡರು. ನಕ್ಷೆ ತಿರುಗಿತು, ಮೊಹರು ಬಿತ್ತು. ಸಾಹೇಬರು ನಿಶ್ಚಿಂತೆಯಿಂದ ಮನೆಗೆ ಹೋಗಿ ಸೋಫಾದಲ್ಲಿ ಕುಳಿತರು. ಹೊಳೆಯೂ ಬಂತು.

"ಅಳಿಯಂದ್ರೇ, ಹೊಳೆ ಒಳಗೆ ಬಂದಿದೆ," ಎಂದರು ಅತ್ತೆ, ಮೆಟ್ಟಿಲ ಮೇಲಿಂದ.

ಹೊಳೆಯೆಂದು ಒಪ್ಪಿಕೊಂಡರೆ ಮನೆ ಒತ್ತುವರಿಯಾಗುತ್ತದೆ, ಕೆಡವಬೇಕಾಗುತ್ತದೆ. ಸಾಹೇಬರು ಕಾಲು ಮೇಲೆತ್ತಿಕೊಂಡರು.

"ನಕ್ಷೆ ಪ್ರಕಾರ ಹೊಳೆ ಆಚೆ ಇದೆ ಅತ್ತೆ. ಇದು ಗೋಡೆಯ ತೇವಾಂಶ."

"ಹಾಗಾದ್ರೆ ತೇವಾಂಶದಲ್ಲಿ ಮೀನಿದೆ. ಹಿಡೀಲಾ?"

ಆ ಮಳೆಗಾಲ ಪೇಟೆಗೆ ಹನಿ ನೀರೂ ನುಗ್ಗಲಿಲ್ಲ. ಅಷ್ಟೂ ನೀರು ಸಾಹೇಬರ ಹಜಾರ, ಹಿತ್ತಲಲ್ಲಿ ಹರಡಿಕೊಂಡು ತಣ್ಣಗೆ ಮಲಗಿತ್ತು. ಜೊಂಡು ಬೆಳೆಯಿತು, ಕೊಕ್ಕರೆಗಳು ಬಂದವು, ಅಡುಗೆಮನೆಯಲ್ಲಿ ಕಪ್ಪೆಗಳು ಸಂಸಾರ ಹೂಡಿದವು. ಕಚೇರಿಯು ಸಾಹೇಬರ ಮನೆ ಬಾಗಿಲಲ್ಲೊಂದು ಫಲಕ ನೆಟ್ಟಿತು: "ಇದು ಹೊಳೆಯಲ್ಲ. ತೇವಾಂಶದಲ್ಲಿ ಈಜುವವರು ಜಾಗ್ರತೆ ವಹಿಸತಕ್ಕದ್ದು." ಈಗ ಭಾನುವಾರ ಪೇಟೆಯ ಜನ ಮಕ್ಕಳುಮರಿ ಸಮೇತ ಹೋಗಿ ಈಜುತ್ತಾರೆ. ಸಾಹೇಬರು ಮಹಡಿಯಲ್ಲಿದ್ದಾರೆ, ತೆಪ್ಪದಲ್ಲಿ ಕಚೇರಿಗೆ ಬರುತ್ತಾರೆ. ನಕ್ಷೆಯಲ್ಲಿರುವ ಹೊಳೆಗೂ ಒಬ್ಬ ಕಾವಲುಗಾರನಿದ್ದಾನೆ. ಆ ಒಣ ಬಯಲಲ್ಲಿ ಯಾರೂ ಮುಳುಗದಂತೆ ಆತ ನೋಡಿಕೊಳ್ಳುತ್ತಾನೆ. ಈವರೆಗೆ ಒಬ್ಬರೂ ಮುಳುಗಿಲ್ಲ, ದೇವರ ದಯೆ.

ಕೇಳಿದ ನಿಮ್ಮೆಲ್ಲರನ್ನೂ ಆ ದೇವರು ಚೆನ್ನಾಗಿಟ್ಟಿರಲಿ. ನಿಮ್ಮ ಮನೆಗಳ ತೇವಾಂಶ ಹದವಾಗಿರಲಿ.