ಅತ್ತೆಯ ಕಂಬಳಿ, ಕುಲದ ಚೌಕಳಿ

"ಅತ್ತೆ, ಬಿಡಿ ಅಂದ್ರೆ ಬಿಡಿ! ಅಂಗೈಯಗಲ ತುಂಡು ಸಾಕು."

"ಇವತ್ತು ಅಂಗೈಯಗಲ, ನಾಳೆ ನನ್ನ ಕಾಲು ಹೊರಗೆ. ಕತ್ತರಿ ಹಾಕಿದ್ರೆ ನೋಡು!"

ಕಂಬಳಿಯ ಒಂದು ತುದಿ ಮ್ಯಾಕ್‌ಡ್ರೋಸ್ಟನ್ ಕುಲದ ಯಜಮಾನ ಟಾರ್ಕ್ವಿಲ್‌ನ ಕೈಯಲ್ಲಿ, ಇನ್ನೊಂದು ಅವನ ಸೋದರತ್ತೆ ಮಾರ್ಸಲಿಯ ಕೈಯಲ್ಲಿ. ಸ್ಕಾಟ್ಲೆಂಡಿನ ಯಜಮಾನರಿಗೆಲ್ಲ ಲಂಡನ್ನಿನ ಸಂಘವೊಂದು ಕಾಗದ ಬರೆದಿತ್ತು: ನಿಮ್ಮ ಕುಲದ ಪುರಾತನ ಟಾರ್ಟನ್, ಅಂದರೆ ಚೌಕಳಿ ಬಟ್ಟೆಯ ತುಂಡೊಂದನ್ನು ಮುದ್ರೆಯೊತ್ತಿ ಕಳಿಸಿ. ತನ್ನ ಕುಲದ್ದು ಯಾವುದೆಂದು ಟಾರ್ಕ್ವಿಲ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಬರೆದರೆ ಲಂಡನ್ನಿನವರೆಗೂ ಮಾನ ಹರಾಜು. ಅಂಚೆ ಬಂಡಿ ಬೇರೆ ಮಧ್ಯಾಹ್ನಕ್ಕೇ ಹೊರಡುವುದಿತ್ತು.

"ನೇಕಾರನ್ನ ಕೇಳು, ಹೋಗು."

"ಕೇಳ್ದೆ. 'ನಿಮಗ್ಯಾವ್ದು ಇಷ್ಟಾನೋ ಅದೇ ಪುರಾತನ ಸ್ವಾಮಿ, ಹದಿನೈದು ದಿನದಲ್ಲಿ ನೇಯ್ದು ಕೊಡ್ತೀನಿ' ಅಂದ."

"ಗೋಡೆ ಮೇಲೆ ನಮ್ಮಪ್ಪನ ಪಟ ಇದ್ಯಲ್ಲ?"

"ತಾತನ ಕೋಟು ಕೆಂಪು ಚೌಕಳಿ, ಷರಾಯಿ ಹಸಿರು ಚೌಕಳಿ, ಹೆಗಲ ಮೇಲೆ ಮತ್ತೊಂದು. ಯಾವ್ದು ಅಂತ ಹೇಳ್ಲಿ?"

"ಯಾವ್ದೂ ಅಲ್ಲ. ಮೂರೂ ಆ ಚಿತ್ರಗಾರಂದು. ಅವನ ಮನೇಲಿ ಹಾಕ್ಕೊಂಡು ಕೂತು ಬರೆಸ್ಕೊಂಡು ಬಂದ್ರು."

"ಅದಕ್ಕೇ ಹೇಳ್ತಿರೋದು! ತಾತ ನಿಜವಾಗ್ಲೂ ಹೊದ್ದಿದ್ದು ಈ ಕಂಬಳಿ ತಾನೆ?"

"ಹೊದ್ದಿದ್ದು ನಿಜ. ನಮ್ದು ಅಂತ ನಾನ್ಯಾವಾಗ ಹೇಳ್ದೆ?"

ಟಾರ್ಕ್ವಿಲ್ ಕಂಬಳಿ ಎಳೆಯುವುದನ್ನು ನಿಲ್ಲಿಸಿದ.

"ಮತ್ಯಾರ್ದು?"

"ಆಚೆ ಕಣಿವೆ ಮ್ಯಾಕ್‌ಈಲ್ರಿ ಕುಲದವರ್ದು. ನಮ್ಮಪ್ಪ ಅವರ ದನ ಹೊಡ್ಕೊಂಡು ಬರೋಕೆ ಹೋದಾಗ ಪೊದೆ ಮೇಲೆ ಒಣಗ್ತಿತ್ತಂತೆ. ದನ ಸಿಗ್ಲಿಲ್ಲ, ಬರಿಗೈಲಿ ಹೆಂಗೆ ಬರೋದು ಅಂತ ಇದನ್ನ ತಂದ್ರು."

"ಅಯ್ಯೋ! ಆ ಮ್ಯಾಕ್‌ಈಲ್ರಿ ಯಜಮಾನ ಇದನ್ನ ಆಗಲೇ ಕಳಿಸಿರ್ತಾನೆ!"

"ಎಲ್ಲಿಂದ ಕಳಿಸ್ತಾನೆ? ನಿನ್ನೆ ತಾನೇ ಬಂದಿದ್ದ. 'ಅಮ್ಮಾ, ನಮ್ಮ ಕುಲದ ಚೌಕಳಿ ಹೆಂಗಿತ್ತು ಅಂತ ನಮ್ಮಲ್ಲಿ ಒಬ್ಬರಿಗೂ ನೆನಪಿಲ್ಲ, ನಿಮ್ಮನೇಲಿದ್ಯಂತೆ, ಒಂದು ತುಂಡು ಕೊಡಿ' ಅಂತ. ಕಾಲಿಗೆ ಚಳಿ ಆಗುತ್ತೆ ಹೋಗಪ್ಪ ಅಂದೆ."

ಟಾರ್ಕ್ವಿಲ್‌ನ ಮುಖ ಅರಳಿತು. ಅತ್ತೆ ಕೆಮ್ಮಲು ಬಾಯಿಗೆ ಕೈಯೊಡ್ಡಿದ್ದೇ ತಡ, ಕತ್ತರಿ ತನ್ನ ಕೆಲಸ ಮುಗಿಸಿತು. ಶಾಪ ಹಾಕುತ್ತ ಕೂತ ಅತ್ತೆಯ ಎದುರಲ್ಲೇ ಅವನು ಅರಗು ಕರಗಿಸಿ ತುಂಡಿಗೆ ಮುದ್ರೆಯೊತ್ತಿದ. ಕಾಗದದ ಮೇಲೆ 'ನಮ್ಮ ಕುಲದಲ್ಲಿ ಪುರಾತನ ಕಾಲದಿಂದ' ಎಂದು ಬರೆಯುವಷ್ಟರಲ್ಲಿ ಲೇಖನಿ ನಿಂತುಬಿಟ್ಟಿತು.

"ಅತ್ತೆ, ಸುಳ್ಳು ಬರೆಯೋಕೆ ಕೈಯೇ ಬರ್ತಿಲ್ಲ. ಏನಂತ ಬರೀಲಿ?"

"ಕದ್ದಿದ್ದು ಅಂತ ಬರಿ. ನಮ್ಮ ಕುಲದಲ್ಲಿ ಅದಕ್ಕಿಂತ ಪುರಾತನವಾದದ್ದು ಇನ್ನೇನಿದೆ?"