ಒಳಬರುವ ಕರೆಗಳು ಮಾತ್ರ

ನಮ್ಮ ಮನೆಯಲ್ಲಿ ಇನ್ನೂ ಲ್ಯಾಂಡ್‌ಲೈನ್ ಫೋನ್ ಇದೆ. ಇದನ್ನು ಹೇಳಿಕೊಳ್ಳಲು ಈಚೆಗೆ ಸಂಕೋಚವಾಗುತ್ತದೆ. ಮನೆಯಲ್ಲಿ ಹಲ್ಲಿಗಳಿವೆ ಎಂದರೂ ಜನ ಸುಮ್ಮನಿರುತ್ತಾರೆ, ಲ್ಯಾಂಡ್‌ಲೈನ್ ಇದೆ ಎಂದರೆ ಮಾತ್ರ ಮುಖ ನೋಡಿ "ಯಾಕೆ?" ಎನ್ನುತ್ತಾರೆ. ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಹದಿನಾರು ಮನೆಗಳು. ಹದಿನೈದು ಮನೆಯವರು ತಮ್ಮ ಫೋನನ್ನು ಎಂದೋ ಕಂಪನಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದಾರೆ. ನಮ್ಮದು ಮಾತ್ರ ಹಾಲ್‌ನ ಮೂಲೆಯಲ್ಲಿ, ಸ್ಟೂಲಿನ ಮೇಲೆ, ನಾನೇ ಹೆಣೆದ ಮುಸುಕು ಹೊದ್ದು ಕುಳಿತಿದೆ. ವರ್ಷದಲ್ಲಿ ಆರು ತಿಂಗಳು ಅದಕ್ಕೆ ಜೀವವಿರುವುದಿಲ್ಲ. ಉಳಿದ ಆರು ತಿಂಗಳು ಜೀವವಿದ್ದೂ ಮಾತಾಡುವುದಿಲ್ಲ.

ನಮ್ಮ ಯಜಮಾನರು ಧಾರವಾಡದ ಕಡೆಯವರು, ಬೊರಿವಲಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಕೆಟ್ಟ ಯಂತ್ರವನ್ನು ಒಂದೋ ಬಿಚ್ಚಬೇಕು, ಇಲ್ಲವೇ ಎಸೆಯಬೇಕು ಎಂಬುದು ಅವರ ಸಿದ್ಧಾಂತ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಚಹಾ ಕುಡಿಯುತ್ತಾ, "ಅಲ್ಲಾ, ಆ ಡಬ್ಬಿ ಸತ್ತು ಮೂರು ತಿಂಗಳಾತು. ಇನ್ನ ತಿಥಿ ಮಾಡೂದಷ್ಟ ಬಾಕಿ. ಯಾರು ಫೋನ್ ಮಾಡ್ತಾರಂತ ಅದನ್ನ ಕಾಯಕೋತ ಕುಂತೀ?" ಎಂದರು. ಯಾರು ಮಾಡುತ್ತಾರೆಂದು ಅವರಿಗೂ ಗೊತ್ತು. ವನಜ ಮಾಡುತ್ತಾಳೆ. ವನಜ ಕೊನೆಯ ಸಲ ಮಾಡಿ ಹನ್ನೆರಡು ವರ್ಷವಾಯಿತು ಎಂಬುದೂ ಅವರಿಗೆ ಗೊತ್ತು. ಆದ್ದರಿಂದಲೇ, ಕೇಳಿದ ಮೇಲೆ ಉತ್ತರಕ್ಕೆ ಕಾಯದೆ ಪೇಪರಿನ ಹಿಂದೆ ಮರೆಯಾದರು.

ಮದುವೆಗೆ ಮೊದಲು ವನಜ ಮತ್ತು ನಾನು ವಡಾಲದ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದೆವು. ನಾನು ಉಡುಪಿಯವಳು, ಕನ್ನಡ ಶಾಲೆಯ ಟೀಚರ್. ಅವಳು ಕುಂದಾಪುರದವಳು, ನರ್ಸ್. ನನಗೆ ಕಾಮಾಲೆಯಾದಾಗ ಊರಿಗೆ ಹೋಗಲು ಬಿಡದೆ, ಡ್ಯೂಟಿ ಮುಗಿಸಿ ಬಂದು, ಇಪ್ಪತ್ತು ದಿನ ಸ್ಟೋವಿನ ಮೇಲೆ ಗಂಜಿ ಮಾಡಿ ತಿನ್ನಿಸಿದವಳು ಅವಳು. ಬೈಯುತ್ತಾ ತಿನ್ನಿಸಿದಳು ಎಂಬುದನ್ನೂ ಹೇಳಬೇಕು. ಅವಳ ದನಿ ಅಂಥದ್ದು, ಪಿಸುಗುಟ್ಟಿದರೆ ಮೂರನೆಯ ಕೋಣೆಯವರು ಉತ್ತರ ಕೊಡುತ್ತಿದ್ದರು. ನನ್ನ ಮದುವೆಗೆ ತಿಂಗಳಿರುವಾಗ ಅವಳಿಗೆ ಮಸ್ಕತ್‌ನ ಕೆಲಸ ಬಂತು. ಹೊರಡುವ ದಿನ ಯಜಮಾನರ ಮನೆಯ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಅದನ್ನು ಪರ್ಸಿನಲ್ಲಿಡದೆ ಅಲ್ಲೇ ನಿಂತು ಬಾಯಿಪಾಠ ಮಾಡಿದಳು.

ಪ್ರತಿ ಶುಕ್ರವಾರ ಬೆಳಿಗ್ಗೆ ಅವಳ ಫೋನ್ ಬರುತ್ತಿತ್ತು. ಬರುತ್ತಿತ್ತು ಎಂದು ಹೇಳುವುದು ಸುಲಭ. ಅವಳ ಕ್ವಾರ್ಟರ್ಸಿನ ಹಿಂದೆ ಒಂದು ಟೆಲಿಫೋನ್ ಬೂತು. ಅಂಗಡಿಯಿಂದ ಕಾಲಿಂಗ್ ಕಾರ್ಡ್ ತಂದು, ಉಗುರಿನಿಂದ ಕೆರೆದು, ಮೊದಲು ಕಾರ್ಡಿನವರ ನಂಬರ್ ಒತ್ತಬೇಕು. ಆಮೇಲೆ ಭಾಷೆಗೊಂದು ಅಂಕಿ, ಆಮೇಲೆ ಕೆರೆದಾಗ ಸಿಕ್ಕಿದ ಉದ್ದದ ಗುಟ್ಟಿನ ಸಂಖ್ಯೆ, ಆಮೇಲೆ ದೇಶ, ಆಮೇಲೆ ಮುಂಬೈ, ಎಲ್ಲಕ್ಕಿಂತ ಕೊನೆಗೆ ನಾನು. ನಡುವೆ ಒಂದು ಅಂಕಿ ತಪ್ಪಿದರೆ ಮತ್ತೆ ಮೊದಲಿನಿಂದ. ಹಿಂದೆ ಕ್ಯೂನಲ್ಲಿ ನಿಂತವರು ಗೊಣಗುತ್ತಿದ್ದರಂತೆ. ಇಷ್ಟೆಲ್ಲ ದಾಟಿ ಅವಳು ನನ್ನ ಹೊಸ್ತಿಲಿಗೆ ಬರುವಾಗ ನಮ್ಮ ಕಡೆಯ ಕಂಪನಿಯವರು ಬಾಗಿಲು ಹಾಕಿರುತ್ತಿದ್ದರು. ಜೋರು ಮಳೆ ಬಂದರೆ ಲೈನ್ ಸತ್ತಿತು. ಮಳೆ ಬರದಿದ್ದರೆ ಯಾರೋ ರಸ್ತೆ ಅಗೆದರು. ಎರಡೂ ಇಲ್ಲದ ದಿನ ನಮ್ಮ ಮಾತಿನ ನಡುವೆ ಬೇರೆ ಲೈನ್ ಬೆರೆತು ಒಬ್ಬಳು ಗುಜರಾತಿ ಅಜ್ಜಿ ತನ್ನ ಸೊಸೆಗೆ ಮಜ್ಜಿಗೆಯ ಕಢಿ ಮಾಡುವುದನ್ನು ಕಲಿಸುತ್ತಿದ್ದಳು. "ಬೆಲ್ಲ ಯಾಕೆ ಹಾಕೂದು ಅಂತ ಕೇಳು ಮಾರಾಯ್ತಿ" ಎಂದು ವನಜ ಮಸ್ಕತ್‌ನಿಂದ ಕೂಗಿದರೆ, ಅಜ್ಜಿ "ಕೋಣ್ ಛೇ?", ಯಾರದು, ಎಂದು ಗದರುತ್ತಿದ್ದಳು. ಅಷ್ಟರಲ್ಲಿ ಕಾರ್ಡಿನ ರೆಕಾರ್ಡಿಂಗ್ ಹೆಂಗಸು ಬಂದು, ಇನ್ನು ಒಂದೇ ನಿಮಿಷ ಎಂದು ಇಂಗ್ಲಿಷಿನಲ್ಲಿ ಸಾರುತ್ತಿದ್ದಳು. ನಾವಿಬ್ಬರೂ ಹೇಳಬೇಕಾದ್ದನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು, ಅರ್ಧಂಬರ್ಧ ಓದಿ ಮುಗಿಸುತ್ತಿದ್ದೆವು. ಉಳಿದ ಅರ್ಧವನ್ನು ನಾನು ವಾರವಿಡೀ ಒಗ್ಗರಣೆ ಹಾಕುವಾಗ, ಬಟ್ಟೆ ಮಡಚುವಾಗ ಒಬ್ಬಳೇ ಆಡಿಕೊಳ್ಳುತ್ತಿದ್ದೆ.

ಕೊನೆಯ ಸಲ ಅವಳು ಮಾತಾಡಿದ್ದು ಒಂದು ಜೂನ್ ತಿಂಗಳಲ್ಲಿ. "ಸುಗುಣಾ, ನಿಂಗೊಂದು ವಿಷಯ ಹೇಳ್ಬೇಕಿತ್ತು. ನೀನು ನಗಾಡ್ಬಾರ್ದು ಆಯ್ತಾ..." ಎಂದಳು, ಲೈನ್ ಕಟ್ಟಾಯಿತು. ಆ ದಿನ ಸತ್ತ ಲೈನ್ ಗಣಪತಿ ಹಬ್ಬ ಕಳೆದ ಮೇಲೆ ಎದ್ದಿತು. ಆದರೆ ಶುಕ್ರವಾರಗಳು ಸುಮ್ಮನೆ ಬಂದು ಸುಮ್ಮನೆ ಹೋದವು. ಏನಿರಬಹುದು ಆ ವಿಷಯ? ಮೊದಲ ವರ್ಷ ಅವಳಿಗೆ ಮದುವೆ ಮಾಡಿಸಿದೆ. ಎರಡನೆಯ ವರ್ಷ ಕಾಯಿಲೆ ಬರಿಸಿ, ಹೆದರಿ, ನಾನೇ ವಾಸಿ ಮಾಡಿದೆ. ಆಮೇಲೆ ಅವಳು ಕೆಲಸ ಬಿಟ್ಟು ಮುಂಬೈಗೇ ಬರುತ್ತಾಳೆ ಎಂದುಕೊಂಡೆ. ಹೀಗೆ ಹನ್ನೆರಡು ವರ್ಷ ಆ ಒಂದು ವಾಕ್ಯವನ್ನು ಬೇರೆ ಬೇರೆ ರೀತಿ ಮುಗಿಸಿದ್ದೇನೆ.

ದೂರು ಕೊಟ್ಟರೂ ಯಾರೂ ಬಾರದ್ದರಿಂದ, ಸತ್ತ ಫೋನಿಗಾಗಿ ಈ ಸಲ ನಾನೇ ಕಂಪನಿಯ ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದ ಮಧ್ಯವಯಸ್ಸಿನ ಹೆಂಗಸು ಕಂಪ್ಯೂಟರ್ ನೋಡಿ, "ಮ್ಯಾಡಮ್, ಆಪ್ ಕಾ ಕಂಪ್ಲೇಂಟ್ ತೋ ಬಂದ್ ಹೋ ಗಯಾ. ಹಮ್ನೇ ಫೋನ್ ಕಿಯಾ ಥಾ, ಆಪ್ನೇ ಉಠಾಯಾ ನಹೀ" ಎಂದರು. ಯಾವ ನಂಬರಿಗೆ ಮಾಡಿದಿರಿ ಎಂದು ಕೇಳಿದೆ. ಕೆಟ್ಟುಹೋದ ನಂಬರಿಗೇ ಮಾಡಿದ್ದರು. ಕೆಟ್ಟ ಫೋನನ್ನು ನಾನು ಎತ್ತದೇ ಇದ್ದದ್ದರಿಂದ, ಫೋನ್ ಕೆಟ್ಟಿಲ್ಲ, ನಾನೇ ಮನೆಯಲ್ಲಿಲ್ಲ ಎಂದು ತೀರ್ಮಾನಿಸಿ ದೂರನ್ನು ಮುಚ್ಚಿಬಿಟ್ಟಿದ್ದರು. ಮತ್ತೊಮ್ಮೆ ದೂರು ಬರೆಸಿದೆ.

ವಾರದ ಮೇಲೆ ಲೈನ್‌ಮನ್ ಸಾವಂತ್ ಬಂದರು. ನಿವೃತ್ತಿಗೆ ಹತ್ತಿರವಾದ, ತೆಳ್ಳನೆಯ ಮನುಷ್ಯ. ಗೇಟಿನ ಪಕ್ಕದ ಪೆಟ್ಟಿಗೆ ತೆರೆದು ಒಂದು ಗಂಟೆ ಕೆಲಸ ಮಾಡಿ, ಮೇಲೆ ಬಂದು ರಿಸೀವರ್ ಎತ್ತಿ ನನ್ನ ಕಿವಿಗಿಟ್ಟರು. ಗುಂಯ್ ಎಂಬ ಸದ್ದು ಕೇಳಿಸಿತು. "ಪೂರಾ ಗಲ್ಲೀ ಮೇ ಆಪ್ ಕಾ ಏಕ್ ಹೀ ಬಚಾ ಹೈ, ತಾಯಿ" ಎಂದರು. "ತಾಂಬೇ ಕಾ ತಾರ್ ನಿಕಾಲ್ ರಹೇ ಹೈ. ಅಬ್ ಬಿಗಡೇಗಾ ತೋ ಕೋಯೀ ನಹೀ ಆಯೇಗಾ." ಇಡೀ ಗಲ್ಲಿಯಲ್ಲಿ ಉಳಿದದ್ದು ನಮ್ಮದೊಂದೇ, ತಾಮ್ರದ ತಂತಿಗಳನ್ನೇ ಕೀಳುತ್ತಿದ್ದಾರೆ, ಇನ್ನು ಕೆಟ್ಟರೆ ಯಾರೂ ಬರುವುದಿಲ್ಲ ಎಂದ ಮೇಲೆ, ನಾನು ಚಹಾ ಕೊಟ್ಟು, ಯಾಕೋ ವನಜಳ ಕಥೆಯನ್ನೆಲ್ಲ ಹೇಳಿಬಿಟ್ಟೆ. ಬಾಯಿಪಾಠ ಮಾಡಿದ ನಂಬರು, ಕಾರ್ಡು, ಕಟ್ಟಾದ ಮಾತು, ಕಾಯುವಿಕೆ, ಎಲ್ಲ. ಅವರು ಪೂರ್ತಿ ಕೇಳಿ, ಕಪ್ಪು ಕೆಳಗಿಟ್ಟು, ತುಂಬ ಮೆತ್ತಗೆ, "ತಾಯಿ, ಫೋನ್ ಸೇ ಬಾಹರ್ ಭೀ ಕಾಲ್ ಜಾತಾ ಹೈ ನಾ" ಎಂದರು.

ಫೋನಿನಿಂದ ಹೊರಕ್ಕೂ ಕರೆ ಹೋಗುತ್ತದೆ! ಪೇಪರಿನ ಹಿಂದಿನಿಂದ ಯಜಮಾನರು ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗಾಯಿತು. ವನಜಳ ಅಣ್ಣ ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಾರೆ. ಅದು ನನಗೆ ಹಾಸ್ಟೆಲಿನ ಕಾಲದಿಂದ ಗೊತ್ತು. ಈ ಹನ್ನೆರಡು ವರ್ಷಗಳಲ್ಲಿ ಮಾಟುಂಗಾಕ್ಕೆ ಬಾಳೆಲೆಗೆ, ಮಲ್ಲಿಗೆಗೆ, ಕೆಸುವಿನೆಲೆಗೆ ನೂರು ಸಲ ಹೋಗಿದ್ದೇನೆ. ಅವರ ಹೋಟೆಲಿನ ಎದುರಿನ ಫುಟ್‌ಪಾತಿನಲ್ಲೇ ಚೌಕಾಸಿ ಮಾಡಿದ್ದೇನೆ. ಒಳಗೆ ಮಾತ್ರ ಹೋಗಲಿಲ್ಲ. ಯಾಕೆಂದು ಕೇಳಿದರೆ, ಯಾವಾಗಲೂ ಫೋನ್ ಮಾಡುತ್ತಿದ್ದವಳು ಅವಳು, ಎತ್ತುತ್ತಿದ್ದವಳು ನಾನು. ಅವಳೇ ಬಿಟ್ಟಮೇಲೆ ನಾನಾಗಿ ಹುಡುಕಿಕೊಂಡು ಹೋಗುವುದೇ? ಬೇಡವಾದ್ದಕ್ಕೇ ಬಿಟ್ಟಿದ್ದರೆ? ಆ ಭಯಕ್ಕೆ ಲೈನ್ ಕೆಟ್ಟಿದೆ ಎಂಬ ನೆಪ ಚೆನ್ನಾಗಿ ಒದಗಿತ್ತು.

ಮರುದಿನವೇ ಹೋದೆ. ಅಣ್ಣನ ತಲೆಗೂದಲು ಪೂರಾ ಬೆಳ್ಳಗಾಗಿತ್ತು. ಗುರುತು ಹೇಳಿದೆ. "ಓ, ಸುಗುಣ ಟೀಚರಾ! ಕೂತ್ಕೊಳ್ಳಿ. ವನಜನ ನಂಬರಾ? ಬರ್ಕೊಳ್ಳಿ. ಅವಳೀಗ ಬಹರೇನಲ್ಲಿರೂದು. ಇಷ್ಟೇನಾ?" ಎಂದರು. ಕಾಫಿ ಟೇಬಲ್ಲಿಗೆ ಬರುವುದರೊಳಗೆ ಕೆಲಸ ಮುಗಿದಿತ್ತು. ಹನ್ನೆರಡು ವರ್ಷದ ಕೆಲಸ.

ಸಂಜೆ ಮನೆಗೆ ಬಂದು ಮೊಬೈಲಿನಿಂದ ಮಾಡಿದೆ. ಎರಡು ಸಲ ರಿಂಗಾಗುವಷ್ಟರಲ್ಲಿ ಅದೇ ದನಿ. ನಾನು "ವನಜಾ" ಎಂದೆ. ಅವಳು "ಸತ್ತಿದ್ದೀ ಅಂದ್ಕೊಂಡಿದ್ದೆ ಮಾರಾಯ್ತಿ" ಎಂದು ಬೈದು, ಅತ್ತಳು. ನಾನೂ ಅತ್ತೆ. ಯಜಮಾನರು ಎದ್ದು ಬಾಲ್ಕನಿಗೆ ಹೋದರು.

"ಎಷ್ಟೋ ಶುಕ್ರವಾರ ಮಾಡಿದೆ, ಲೈನೇ ಸಿಗ್ಲಿಲ್ಲ, ಕೊನೆಗೆ ಬಿಟ್ಟೆ. ಏಳು ವರ್ಷ ಹಿಂದೆ ಊರಿಗೆ ಹೋಗ್ವಾಗ ಬಾಂಬೆ ಏರ್‌ಪೋರ್ಟಲ್ಲಿ ಆರು ಗಂಟೆ ಕೂತಿದ್ದೆ, ಗೊತ್ತುಂಟಾ? ಎಂಟು ಸಲ ಫೋನ್ ಮಾಡಿದೆ. ಸದ್ದೇ ಇಲ್ಲ."

"ನಮ್ಮನೆ ಅಲ್ಲಿಂದ ರಿಕ್ಷಾದಲ್ಲಿ ಹತ್ತು ನಿಮಿಷ ಕಣೇ! ಬರ್ಬಾರ್ದಿತ್ತಾ?"

"ಎಲ್ಲಿಗೆ ಬರೂದು? ನಂಬರ್ ಗೊತ್ತಿತ್ತು. ಮನೆ ಎಲ್ಲುಂಟು ಅಂತ ನೀನು ಯಾವತ್ತಾದ್ರೂ ಹೇಳಿದ್ಯಾ?"

ಹೇಳಿರಲಿಲ್ಲ. ಅಷ್ಟು ವರ್ಷಗಳ ಶುಕ್ರವಾರಗಳಲ್ಲಿ ಅಡ್ರೆಸ್ಸು ಇಬ್ಬರ ಚೀಟಿಯಲ್ಲೂ ಇರಲಿಲ್ಲ. ಅವಳು ಆ ಆರು ಗಂಟೆ ಅಲ್ಲಿ ಕೂತಿದ್ದಾಗ ನಾನು ಬಹುಶಃ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವಳ ವಿಮಾನ ನನ್ನ ತಲೆಯ ಮೇಲೆಯೇ ಹಾರಿಹೋಗಿರಬೇಕು. ಕೊನೆಗೆ ಧೈರ್ಯ ಮಾಡಿ, "ಅವತ್ತು ಏನೋ ಹೇಳ್ಬೇಕು, ನಗಾಡ್ಬಾರ್ದು ಅಂದಿದ್ಯಲ್ಲ, ಏನದು?" ಎಂದೆ.

"ಯಾವತ್ತು?"

"ಕೊನೆಯ ಸಲ."

"ಅದು ನಂಗೆಲ್ಲಿ ನೆನಪುಂಟು ಮಾರಾಯ್ತಿ! ಎಂತದೋ ಇರ್ಬೇಕು, ಬಿಡು" ಎಂದು ವನಜ ಗೊಳ್ಳನೆ ನಕ್ಕಳು.

ಒಂದೂವರೆ ಗಂಟೆ ಮಾತಾಡಿದೆವು. ನಡುವೆ ಯಾವ ಹೆಂಗಸೂ ಬರಲಿಲ್ಲ, ಯಾವ ಅಜ್ಜಿಯೂ ಗದರಲಿಲ್ಲ. ಇಡುವ ಮೊದಲು ವನಜ, "ಇಷ್ಟು ವರ್ಷ ನಾನು ಮಾಡಿದ್ದಾಯ್ತು. ಇನ್ನು ಪ್ರತಿಸಲ ನೀನೇ ಮಾಡ್ಬೇಕು, ಆಯ್ತಾ?" ಎಂದಳು. "ಖಂಡಿತ" ಎಂದೆ. ನಾಳೆ ಮಾಡೋಣ, ಅವಳಿಗೆ ಡ್ಯೂಟಿಯಿರಬಹುದು, ಊಟದ ಹೊತ್ತಿರಬಹುದು ಎಂದುಕೊಳ್ಳುತ್ತಾ ಇವತ್ತಿಗೆ ಇಪ್ಪತ್ತೆರಡು ದಿನವಾಯಿತು. ನಂಬರು ಕೈಯಲ್ಲಿದೆ, ನೆಟ್‌ವರ್ಕ್ ಚೆನ್ನಾಗಿದೆ, ಮಳೆಯೂ ಇಲ್ಲ. ಬೈಯೋಣವೆಂದರೆ ಈ ಸಲ ಯಾವ ಕಂಪನಿಯೂ ಸಿಗುತ್ತಿಲ್ಲ.