ಒಡೆದ ಬಚ್ಚಲಿನ ವಿಲೇವಾರಿ

ಗೋಡೆ ನಿಂತಿರುವಷ್ಟು ದಿನ ಬಹಳ ಮರ್ಯಾದಸ್ಥ. ತನ್ನ ಪಾಲಿನ ಒಂದು ಮೊಳ ಜಾಗದಲ್ಲಿ, ಯಾರ ಕಾಲಿಗೂ ಅಡ್ಡ ಬಾರದೆ, ಕನ್ನಡಿಯನ್ನೂ ಹಳೆಯ ಕ್ಯಾಲೆಂಡರನ್ನೂ ಹೊತ್ತುಕೊಂಡು ಸುಮ್ಮನೆ ನಿಂತಿರುತ್ತದೆ. ಅದರ ನಿಜವಾದ ಗಾತ್ರ ತಿಳಿಯಬೇಕಾದರೆ ಒಮ್ಮೆ ಕೆಡವಬೇಕು. ಅದೇ ಗೋಡೆ ಅಂಗಳಕ್ಕೆ ಇಳಿದ ಕೂಡಲೆ ಕಾಲು ಚಾಚಿ ಮಲಗುತ್ತದೆ. ಬೇಸಿಗೆ ರಜೆಗೆ ಬಂದ ನೆಂಟರ ಹಾಗೆ, ಇವತ್ತು ಹೊರಡುವ ಲಕ್ಷಣವೇನೂ ಕಾಣುವುದಿಲ್ಲ. ನಮ್ಮ ಮನೆಯ ಹಳೆಯ ಬಚ್ಚಲು ಕೆಡವಿದ ಮೇಲೆ ನನಗೆ ಈ ಜ್ಞಾನ ಬಂತು. ಅಷ್ಟು ಚಿಕ್ಕ ಬಚ್ಚಲಿನೊಳಗೆ ಅಷ್ಟು ದೊಡ್ಡ ಬಚ್ಚಲು ಅಡಗಿತ್ತೆಂದು ಅದರಲ್ಲಿ ಇಪ್ಪತ್ತೈದು ವರ್ಷ ಸ್ನಾನ ಮಾಡಿದ ನನಗೇ ಗೊತ್ತಿರಲಿಲ್ಲ.

ಕೆಡವುವ ಯೋಚನೆ ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ಮನೆಯಲ್ಲಿ ಎಲ್ಲರೂ ಈಗಾಗಲೇ ಅದನ್ನು ಹೇಳಿಕೊಂಡು ತಿರುಗುತ್ತಿದ್ದಾರೆ. ನಾನು ಡೈರಿ ಬರೆಯುವವಳು. ಭಾವನೆಗಳನ್ನೆಲ್ಲ ಬರೆಯುವುದಿಲ್ಲ, ಅವು ಬರೆಯದಿದ್ದರೂ ನೆನಪಿರುತ್ತವೆ. ಗ್ಯಾಸ್ ಸಿಲಿಂಡರ್ ಯಾವತ್ತು ಬದಲಾಯಿಸಿದ್ದು, ತೆಂಗಿನಮರ ಹತ್ತುವವನು ಬರುತ್ತೇನೆಂದು ಹೇಳಿ ಎಷ್ಟು ಸಲ ಬರಲಿಲ್ಲ, ಬಸ್ಸು ಎಷ್ಟು ತಡ, ಇಂಥವು. ಅಂಕೋಲೆಯಿಂದ ಕಾರವಾರದ ಒಂದು ಸಹಕಾರಿ ಸಂಘದ ಕಚೇರಿಗೆ ದಿನಾ ಹೋಗಿಬರುವ ನನಗೆ ಬಸ್ಸಿನಲ್ಲಿ ಬರೆಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ರಸ್ತೆ ತಿರುಗಿದಲ್ಲೆಲ್ಲ ಅಕ್ಷರವೂ ತಿರುಗುತ್ತದೆ, ಅಷ್ಟೆ. "ಇವ್ಳನ್ನ ನೋಡೂಕೆ ಗಂಡು ಬಂದ್ರೆ ಅವ ಎಷ್ಟು ಚಕ್ಕುಲಿ ತಿಂದ ಅಂತ ಬರ್ದಿಡ್ತಾಳೆ," ಎಂದು ನನ್ನ ಹೆತ್ತ ಆಯಿಯೇ ನೆಂಟರಲ್ಲೆಲ್ಲ ಹೇಳಿಟ್ಟಿದ್ದಾಳೆ. ಅದಕ್ಕೇ ಇರಬೇಕು, ಬಂದ ಒಬ್ಬ ಗಂಡು ಚಹಾ ಮಾತ್ರ ಕುಡಿದು ಹೋದ.

ಡೈರಿಯಲ್ಲಿ ಹೋದ ವರ್ಷದಿಂದ ಪದೇ ಪದೇ ಬರತೊಡಗಿದ ಒಂದು ಸಾಲು: "ಅಜ್ಜಿ ಜಾರಿದಳು." ನಮ್ಮ ಮನೆ ಇರುವುದು ಕೇಣಿಗೆ ಹೋಗುವ ದಾರಿಯಲ್ಲಿ, ಸಮುದ್ರದ ಕಡೆಗೆ ಇಳಿಯುವ ನೆಲದಲ್ಲಿ. ಬಚ್ಚಲು ಹಿತ್ತಲಿನಲ್ಲಿ ಪ್ರತ್ಯೇಕ. ಅಲ್ಲಿಗೆ ಹೋಗಬೇಕಾದರೆ ಪಕ್ಕದ ಬಾಗಿಲಿನ ಎತ್ತರದ ಹೊಸ್ತಿಲು ದಾಟಬೇಕು. ಅಪ್ಪನ ತಾಯಿಯಾದ ನಮ್ಮ ಅಜ್ಜಿಗೆ ಸೊಂಟದ ಮೇಲೆ ನಂಬಿಕೆ ಹೋಗಿತ್ತು. ಜಂಬ ಮಾತ್ರ ಹಾಗೇ ಇತ್ತು. ಯಾರಾದರೂ ಕೈ ಹಿಡಿಯಲು ಬಂದರೆ "ನಾ ಎಂತ ಮದಿಮಗಳಾ?" ಎಂದು ಕೊಡವುತ್ತಿದ್ದಳು. ಯಾರ ಕೈಯನ್ನೂ ಹಿಡಿಯದೆ ಅವಳು ಬಚ್ಚಲಿಗೂ ಹೋಗಬೇಕು, ಅಂಗಳದ ತುಳಸಿ ಕಟ್ಟೆಗೂ ಹೋಗಬೇಕು. ಅದಕ್ಕಾಗಿ ನಾನು ಒಂದು ಯೋಜನೆ ಮಾಡಿದೆ. ಬಚ್ಚಲನ್ನು ಮನೆಯೊಳಗೆ ತರುವುದು. ಪಕ್ಕದ ಬಾಗಿಲಿನ ಹೊಸ್ತಿಲು ಕಿತ್ತು ನೆಲ ಸಮ ಮಾಡಿ ಟೈಲ್ಸ್ ಹಾಕಿಸುವುದು. ಹೊಸ್ತಿಲು ತೆಗೆಯುವುದೆಂದರೆ ಅಪ್ಪನಿಗೆ ಸರಿ ಬರಲಿಲ್ಲ. ಅಜ್ಜಿಯೇ ತೀರ್ಪು ಕೊಟ್ಟಳು: "ತೆಗಿ ಅತ್ಲಾಗೆ. ನಾ ಎಡವಿದ ಹೊಸ್ತಿಲಲ್ಲಿ ಲಕ್ಷ್ಮಿ ಎಡವೂದಿಲ್ವಾ?"

ಏಪ್ರಿಲ್ ಕೊನೆಗೆ ಕೆಲಸ ಮುಗಿಯಿತು. ಗೌಂಡಿ ತನ್ನ ಸಾಮಾನು ಕಟ್ಟಿಕೊಂಡು ಹೊರಟಾಗ ನಾನು ಅಂಗಳ ತೋರಿಸಿ, "ಇದು?" ಎಂದೆ. "ಅದು ನಿಮ್ಮದೇ ಅಲ್ವಾ ತಂಗಿ? ನಾವು ಒಡಿಯೋರು, ಕಟ್ಟೋರು. ಹೊರೋರು ಬೇರೆ," ಎಂದು ಅವನು ಸೈಕಲ್ ಹತ್ತಿದ. ಗೋಡೆಯ ಕೆಂಪು ಚೀರೆಕಲ್ಲು, ಗಾರೆ, ಹಂಚಿನ ಚೂರು, ಒಡೆದ ಹಂಡೆಯೊಲೆ, ಕರಿ ಹಿಡಿದ ಮಣ್ಣು, ಎಲ್ಲ ಸೇರಿ ಪಕ್ಕದ ಬಾಗಿಲಿನ ಎದುರಿಗೇ ಎದೆಯೆತ್ತರ ಬಿದ್ದಿತ್ತು. ಬಾಗಿಲಿನಲ್ಲಿ ಈಗ ಹೊಸ್ತಿಲಿರಲಿಲ್ಲ, ಅದರಾಚೆ ಗುಡ್ಡವಿತ್ತು. ಅಜ್ಜಿ ಹೊಸ ನೆಲದ ಮೇಲೆ ಯಾರ ಹಂಗೂ ಇಲ್ಲದೆ ನಡೆದು ಬಂದು, ಗುಡ್ಡ ನೋಡಿ, ಹಾಗೇ ತಿರುಗಿ ಹೋದಳು. ಮಳೆ ಬರುವ ಮೊದಲು ಇದನ್ನು ಸಾಗಿಸದಿದ್ದರೆ ಅದು ಕೆಸರಾಗಿ ನೇರ ಒಳಗೆ ಬರುವುದು ಖಂಡಿತ. ನನ್ನ ಕೈಯಲ್ಲಿ ಒಂದು ತಿಂಗಳಿತ್ತು.

ಇಂಥ ಮಣ್ಣುಕಲ್ಲು ಬೇಕಾದವರು ನಮ್ಮ ಕಡೆ ಬೇಕಾದಷ್ಟು ಜನ. ತಗ್ಗು ತುಂಬಿ ನೆಲ ಎತ್ತರಿಸುವ ಭರಾವು ಹಾಕದೆ ಇಲ್ಲಿ ಯಾರೂ ಕೋಳಿಗೂಡು ಸಹ ಕಟ್ಟುವುದಿಲ್ಲ. ಆದ್ದರಿಂದ ಸುದ್ದಿ ಹೊರಬಿದ್ದದ್ದೇ ತಡ, ಗಿರಾಕಿಗಳು ಬಂದರು. ಅಗಸೂರಿನ ಸೋದರಮಾವ ಫೋನಿನಲ್ಲೇ ಬುಕ್ ಮಾಡಿದ. ಗದ್ದೆಗೆ ಹೋಗುವ ದಾರಿಗೆ ಬೇಕಂತೆ. "ಯಾರಿಗೂ ಕೊಡ್ಬೇಡಿ ಮತ್ತೆ. ನಾಳೆ ಬೆಳಗಾಗೂದ್ರೊಳಗೆ ಟ್ರ್ಯಾಕ್ಟರ್ ಕಳಸ್ತೆ." ಅಗಸೂರಿನಲ್ಲಿ ಆ ಬೆಳಗು ಇನ್ನೂ ಆಗಿಲ್ಲ. ಬಾಳೆಗುಳಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ಅಪ್ಪನ ಸ್ನೇಹಿತರೊಬ್ಬರು ಬಂದು ರಾಶಿಯನ್ನು ಮದುವೆ ಸೀರೆ ನೋಡುವ ಹಾಗೆ ಸುತ್ತಲಿಂದ ನೋಡಿ, ಕಲ್ಲು ಮಾತ್ರ ಬೇಕು, ಮಣ್ಣು ಬೇಡ ಎಂದರು. ಇನ್ನೊಬ್ಬರಿಗೆ ಮಣ್ಣು ಬೇಕು, ಗಾಜಿನ ಚೂರು ಒಂದೂ ಇರಬಾರದು. ಮತ್ತೊಬ್ಬರಿಗೆ ಹಂಚು, ಅದೂ ಒಡೆಯದಿದ್ದದ್ದು. ಒಡೆಯದ ಹಂಚು ಇದ್ದಿದ್ದರೆ ನಾನು ಅದನ್ನು ರಾಶಿಗೆ ಯಾಕೆ ಹಾಕಿಸುತ್ತಿದ್ದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಗಿರಾಕಿ.

ನಾನು ವ್ಯವಸ್ಥಿತ ಸ್ವಭಾವದವಳು. ಎಲ್ಲರ ಬೇಡಿಕೆ ಬರೆದುಕೊಂಡು ಎರಡು ಭಾನುವಾರ ಕೂತು ರಾಶಿಯನ್ನು ವಿಂಗಡಿಸಿದೆ. ಕಲ್ಲು ಒಂದು ಕಡೆ, ಮಣ್ಣು ಒಂದು ಕಡೆ, ಹಂಚು ಒಂದು ಕಡೆ, ಯಾರೂ ಕೇಳದ್ದು ಒಂದು ಕಡೆ. ಬೆನ್ನು ನೆಟ್ಟಗೆ ಮಾಡಿ ನೋಡಿದರೆ ಮೊದಲು ಬಾಗಿಲಿನ ಎದುರಿಗಷ್ಟೇ ಇದ್ದ ಗುಡ್ಡ ಈಗ ತುಳಸಿ ಕಟ್ಟೆಯವರೆಗೆ ಹರಡಿತ್ತು. ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಇಡೀ ಕಾರ್ಯಕ್ರಮ ನೋಡಿದವಳು. "ಮೊದ್ಲು ಒಂದಿತ್ತು. ಈಗ ನಾಲ್ಕಾಯ್ತು. ನೀ ಇನ್ನೊಂದು ವಾರ ಲೆಕ್ಕ ಬರಿ, ರಸ್ತೆಗೆ ಹೋಗೂಕೂ ದಾರಿ ಇರೂದಿಲ್ಲ," ಎಂದಳು. ಗಿರಾಕಿಗಳಲ್ಲಿ ಯಾರೂ ಬರಲಿಲ್ಲ. ಹೊಸದಾಗಿ ತೆಗೆದುಕೊಂಡ ಮೊಬೈಲಿನಿಂದ ನಾನು ಅವರಿಗೆಲ್ಲ ಮಿಸ್ಡ್ ಕಾಲ್ ಕೊಟ್ಟೆ. ಅವರೂ ಮರ್ಯಾದೆಯಿಂದ ತಿರುಗಿ ಮಿಸ್ಡ್ ಕಾಲ್ ಕೊಟ್ಟರು.

ಮೇ ತಿಂಗಳು ಮುಗಿಯುತ್ತ ಬಂದಾಗ ಬೇಲಿಯಾಚೆಯಿಂದ ಉಮಾಕಾಂತಣ್ಣ ಕೂಗಿದ. ಬಲಬದಿಯ ಮನೆ ಅವನದು. ಮೀನುಗಾರಿಕೆ ಅವನದು, ಒಣಮೀನಿನ ವ್ಯಾಪಾರ ಅವನ ಹೆಂಡತಿ ಮಾದೇವಿಯಕ್ಕನದು. "ಆ ಮಣ್ಣು ಯಾರಿಗೂ ಬ್ಯಾಡಾಗಿದ್ರೆ ನಾ ತಗಳ್ಲಾ?" "ಯಾವುದು ಬೇಕು ಉಮಾಕಾಂತಣ್ಣ? ಕಲ್ಲಾ, ಮಣ್ಣಾ, ಹಂಚಾ?" ಎಂದೆ ನಾನು. ಅವನು ನಾಲ್ಕೂ ರಾಶಿಗಳನ್ನು ನೋಡಿದ, ನನ್ನನ್ನು ನೋಡಿದ. "ಭರಾವಿಗೆ ಎಲ್ಲಾ ಒಂದೇ ಅಲ್ವೇ ತಂಗಿ? ಯಾರು ಮಾರಾಯ್ತಿ ಇದನ್ನ ಹೀಗೆ ಪಾಲು ಮಾಡಿದ್ದು?" ಮಳೆಗಾಲಕ್ಕೆಂದು ಬೋಟು ದಡಕ್ಕೆ ಎಳೆದಾಗಿತ್ತು, ಜೊತೆಯವರೆಲ್ಲ ಖಾಲಿ. ಬೇಲಿಯಲ್ಲಿ ಒಂದು ಗಂಡಿ ಮಾಡಿ, ಬುಟ್ಟಿಯಲ್ಲಿ ಹೊತ್ತು, ಎರಡು ದಿನದಲ್ಲಿ ಎಲ್ಲ ಸಾಗಿಸಿದರು. ನಾನು ವಿಂಗಡಿಸಿದ್ದು ಮೊದಲ ಅರ್ಧ ಗಂಟೆಯಲ್ಲೇ ಮತ್ತೆ ಒಂದಾಯಿತು. ಆಯಿ ಅವರಿಗೆಲ್ಲ ಶಿರಾ ಮಾಡಿ ಹಾಕಿದಳು. ಅಪ್ಪ, "ನೆರೆ ಅಂದ್ರೆ ಹೀಗಿರ್ಬೇಕು," ಎಂದ. ಉಮಾಕಾಂತಣ್ಣ ತನ್ನ ಅಂಗಳಕ್ಕೆ ಅದನ್ನು ಹರಡಿ, ನೀರು ಹೊಡೆದು, ದಿಮ್ಮಸು ಹಾಕಿ, ಬಹಳ ಚೆಂದ ಮಟ್ಟ ಮಾಡಿದ. ಅಜ್ಜಿ ಸಂಜೆ ಒಬ್ಬಳೇ ತುಳಸಿ ಕಟ್ಟೆಗೆ ಹೋಗಿ ದೀಪ ಇಟ್ಟು ಬಂದಳು. ನಾನು ಡೈರಿಯಲ್ಲಿ "ವಿಲೇವಾರಿ ಪೂರ್ಣ" ಎಂದು ಬರೆದು ಅಡಿಗೆರೆ ಎಳೆದೆ, ಸ್ಕೇಲ್ ಇಟ್ಟು.

ಜೂನಿನ ಮೊದಲ ದೊಡ್ಡ ಮಳೆ ಬೆಳಿಗ್ಗೆ ಬಂತು. ನಾನು ಬಸ್ಸಿಗೆ ಹೊರಡುವವಳು, ಛತ್ರಿ ಹುಡುಕುತ್ತಿದ್ದೆ. ರಸ್ತೆಯ ಕಡೆಯಿಂದ ನೀರು ಪ್ರತಿ ವರ್ಷದಂತೆ ನಮ್ಮ ಅಂಗಳಕ್ಕೆ ಬಂತು. ಪ್ರತಿ ವರ್ಷದಂತೆ ಬಲಕ್ಕೆ ತಿರುಗಿ ಬೇಲಿಯವರೆಗೆ ಹೋಯಿತು. ಅಲ್ಲಿ ನಿಂತಿತು. ಬೇಲಿಯಾಚೆ ನಮ್ಮದೇ ಬಚ್ಚಲು ಮಟ್ಟಸವಾಗಿ, ಗಟ್ಟಿಯಾಗಿ, ನಮ್ಮ ಅಂಗಳಕ್ಕಿಂತ ಎತ್ತರದಲ್ಲಿ ಮಲಗಿತ್ತು. ನೀರು ಸ್ವಲ್ಪ ಹೊತ್ತು ಏನು ಮಾಡುವುದೆಂದು ನೋಡಿ, ಮೆಲ್ಲಗೆ ಹಿಂದಕ್ಕೆ ಸರಿದು, ಏರಿ, ಪಕ್ಕದ ಬಾಗಿಲಿಗೆ ಬಂತು. ಅಲ್ಲಿ ಮೊದಲು ಒಂದು ಹೊಸ್ತಿಲಿರುತ್ತಿತ್ತು. ಯಾರೂ ಎಡವದ ಹಾಗೆ ಅದನ್ನು ತೆಗೆಸಿದವಳು ನಾನು. ನೀರೂ ಎಡವಲಿಲ್ಲ.

ಅಜ್ಜಿ ಮಂಚದ ಮೇಲೆ ಕಾಲು ಮಡಿಚಿಕೊಂಡು ಕೂತು ಕೆಳಗೆ ತೇಲಿಹೋಗುತ್ತಿದ್ದ ತನ್ನ ಚಪ್ಪಲಿಯನ್ನು ನೋಡುತ್ತಿದ್ದಳು. "ಬಚ್ಚಲು ಒಳಗೆ ತರ್ತೆ ಅಂದಿದ್ದೆ. ಹಳ್ಳಾನೇ ತಂದ್ಯಲ್ಲೇ," ಎಂದಳು. ನೀರು ಹೋದ ಮೇಲೆ ಉಳಿದದ್ದು ಟೈಲ್ಸಿನ ಮೇಲೆ ಸಣ್ಣ ಕೆಸರಿನ ಪದರ. ಅದರ ಮೇಲೆ ನಾನೇ ಎರಡು ಸಲ ಬಿದ್ದೆ. ಅಜ್ಜಿ ಬಿದ್ದರೆ ಏಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಅಂದಿನಿಂದ ಅವಳು ಬಚ್ಚಲಿಗೆ ಹೋಗುವುದು ಆಯಿಯ ಕೈ ಹಿಡಿದು. ಮದಿಮಗಳ ಮಾತು ಎತ್ತಲಿಲ್ಲ. ಬಾಗಿಲಿಗೆ ಅಡ್ಡ ಮರಳು ತುಂಬಿದ ಅಕ್ಕಿ ಚೀಲಗಳನ್ನು ಪೇರಿಸಿದೆವು. ಅವು ಹಳೆಯ ಹೊಸ್ತಿಲಿಗಿಂತ ಎತ್ತರವಾದವು. ತುಳಸಿ ಕಟ್ಟೆಯ ದೀಪ ಆಯಿಯ ಪಾಲಿಗೆ ಬಂತು.

ಮಳೆ ಬಿಟ್ಟ ಹೊತ್ತಿನಲ್ಲಿ ನಾನು ಮಡಿಚಿದ ಛತ್ರಿ ಹಿಡಿದು ಪಕ್ಕದ ಮನೆಗೆ ಜಗಳಕ್ಕೆ ಹೋದೆ. ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡಿದ್ದೆ. ಮಾದೇವಿಯಕ್ಕ ಒಣಗಿದ ಅಂಗಳದಲ್ಲಿ ಕೂತು ಸಿಗಡಿ ಆರಿಸುತ್ತಿದ್ದಳು. "ಮಾದೇವಿಯಕ್ಕಾ, ನೀರೆಲ್ಲ ನಮ್ಮನೆಗೆ ಬಂತಲ್ಲ!" ಎಂದೆ. "ಹೌದೇ ಮಗಾ," ಎಂದಳು ಅವಳು, ಬಹಳ ಪ್ರೀತಿಯಿಂದ. "ಇಷ್ಟು ವರ್ಷ ನಮ್ಮನೇಲೇ ಇತ್ತು. ಬೇಜಾರು ಬಂತೇನೋ ಅದ್ಕೆ. ಕೂತ್ಕ, ಚಾ ಕುಡಿ." ನನ್ನ ಪಟ್ಟಿ ಅಲ್ಲಿಗೇ ಮುಗಿಯಿತು. ಪ್ರತಿ ಜೂನಿನಲ್ಲಿ ಅವರು ಕೊಡಪಾನ ಹಿಡಿದು ಅಂಗಳ ಬರಿದು ಮಾಡುವುದನ್ನು ನಾವು ಜಗಲಿಯಿಂದ ನೋಡಿದ್ದೆವು. "ಪಾಪ, ತಗ್ಗಿನ ಜಾಗ," ಎಂದು ಅಪ್ಪ ಅನ್ನುವುದು, "ಪಕ್ಕದ ಮನೆಗೆ ನೀರು. ಈ ವರ್ಷ ಮಳೆ ಚೆನ್ನಾಗಿದೆ," ಎಂದು ನಾನು ಬರೆದಿಡುವುದು. ಚಹಾ ಚೆನ್ನಾಗಿತ್ತು. ಎರಡನೆಯ ಲೋಟವನ್ನೂ ಕುಡಿದೆ.

ಉಪಾಯವನ್ನೂ ಉಮಾಕಾಂತಣ್ಣನೇ ಹೇಳಿಕೊಟ್ಟ. "ನೀವೂ ಭರಾವು ಹಾಕಿ. ಬಾಗಿಲ ಮುಂದೆ ಮೆಲ್ಲಗೆ ಏರು ಮಾಡಿ, ಆಚೆ ಬದಿಗೆ ಇಳುಕಲು ಕೊಟ್ರಾಯ್ತು. ಅಜ್ಜಿ ನಡಿಯೂಕೂ ಅಡ್ಡಿಯಿಲ್ಲ. ಆದ್ರೆ ಈ ಮಳೆಯಲ್ಲಿ ಬರೀ ಮಣ್ಣು ಹಾಕ್ಬೇಡ, ಗೊಚ್ಚೆಯಾಗ್ತದೆ. ಒಡೆದ ಗೋಡೆ ಸಿಕ್ರೆ ತಗಂಡು ಬಾ, ನಾ ಬಂದು ಮಟ್ಟ ಮಾಡಿಕೊಡ್ತೆ." ಒಡೆದ ಗೋಡೆ! ಒಂದು ತಿಂಗಳ ಹಿಂದೆ ಅದನ್ನು ಕೊಂಡೊಯ್ಯಿರಿ ಎಂದು ಇಡೀ ತಾಲೂಕಿಗೆ ಫೋನ್ ಮಾಡಿದವಳು ನಾನು.

ಮರುದಿನದಿಂದ ನಾನು ಬಸ್ಸಿನ ಕಿಟಕಿಯಿಂದ ಸಮುದ್ರ ನೋಡುವುದನ್ನು ಬಿಟ್ಟೆ. ಅಂಕೋಲೆಯಿಂದ ಕಾರವಾರದವರೆಗೆ ಯಾವ ಮನೆಯ ಮುಂದೆ ಏನು ಬಿದ್ದಿದೆ ಎನ್ನುವುದಷ್ಟೇ ನನ್ನ ಕಣ್ಣಿಗೆ ಕಾಣುತ್ತಿತ್ತು. ಹೊಸ ಮನೆ ಕಟ್ಟುವವರನ್ನು ಕಂಡರೆ ತಿರಸ್ಕಾರ; ಹಳೆಯದು ಕೆಡವುವವರನ್ನು ಕಂಡರೆ ಗೌರವ. ಪಕ್ಕದ ಸೀಟಿನಲ್ಲಿ ಕೂರುವ ಸಹೋದ್ಯೋಗಿ ಹೆಂಗಸು, "ನೀ ಸೈಟ್ ನೋಡ್ತಿದ್ಯೇನೇ, ಮದುವೆ ಗೊತ್ತಾಯ್ತಾ?" ಎಂದು ಕೇಳಿದಳು. ಕೊನೆಗೆ ರಾಶಿ ಸಿಕ್ಕಿದ್ದು ಬಾಳೆಗುಳಿಯಲ್ಲೇ. ಕಲ್ಲು ಮಾತ್ರ ಕೇಳಿದ್ದ ಅಪ್ಪನ ಸ್ನೇಹಿತರು ತಮ್ಮ ಹಳೆಯ ಅಂಗಡಿಯ ಹಿಂಗೋಡೆ ಕೆಡವಿಸಿ, ಅದರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಆ ಮುಖ ನನಗೆ ಚೆನ್ನಾಗಿ ಪರಿಚಯ. "ತಗಂಡು ಹೋಗು ತಂಗಿ. ಆದ್ರೆ ಆರಿಸೂದು ಗೀರಿಸೂದು ಇಲ್ಲ. ತಗಂಡ್ರೆ ಪೂರ್ತಿ ತಗಳ್ಬೇಕು," ಎಂದರು. ಮಳೆ ಬಿಟ್ಟ ಒಂದು ಮಧ್ಯಾಹ್ನ ಟೆಂಪೋ ಬಂತು. ಉಮಾಕಾಂತಣ್ಣ ಹೇಳಿದ ಹಾಗೆಯೇ ಬಂದು ಮಟ್ಟ ಮಾಡಿದ. ಆಯಿ ಮತ್ತೆ ಶಿರಾ ಮಾಡಿದಳು. ಮುಂದಿನ ಮಳೆಗೆ ನೀರು ರಸ್ತೆಯಿಂದ ಬಂತು, ನಮ್ಮ ಬಾಗಿಲಿನ ಮುಂದಿನ ಏರು ನೋಡಿತು, ಎಡಕ್ಕೆ ತಿರುಗಿ ಹೋಯಿತು. ಮರಳಿನ ಚೀಲಗಳನ್ನು ತೆಗೆದೆವು. ಅಜ್ಜಿ ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದನ್ನು ಆಯಿಗೆ ಸಿಗದ ಹಾಗೆ ಬೆನ್ನ ಹಿಂದೆ ಇಟ್ಟುಕೊಂಡು, ತುಳಸಿ ಕಟ್ಟೆಗೆ ನಡೆದಳು.

ಕಟ್ಟೆಯ ಹತ್ತಿರ ಒಂದು ಮೂಲೆಗೆ ಮಾತ್ರ ಭರಾವು ಸಾಲಲಿಲ್ಲ. ಅಲ್ಲಿ ಇನ್ನೂ ಕಾಲು ಜಾರುತ್ತದೆ. ಇನ್ನೊಂದು ಟೆಂಪೋ ಬೇಕು.

ಹೋದ ಭಾನುವಾರ ಎಡಬದಿಯ ಮನೆಯ ಮಾಸ್ತರರು ಬಂದರು. ನನಗೆ ನಾಲ್ಕನೇ ತರಗತಿಯಲ್ಲಿ ಪಾಠ ಮಾಡಿದವರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿದ್ದರು, ಪಾದ ಕೆಸರಾಗಿತ್ತು. ನೀರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಜಗಲಿಯಲ್ಲಿ ಕೂತು, ಅಜ್ಜಿಯ ಸೊಂಟ ವಿಚಾರಿಸಿ, ಕೊನೆಗೆ ನನ್ನ ಕಡೆ ತಿರುಗಿದರು. "ನೀ ದಿನಾ ಬಸ್ಸಲ್ಲಿ ಹೋಗಿ ಬರೋಳು. ಎಲ್ಲಾ ಬರ್ದು ಇಡ್ತಿ ಅಂತ ನಿನ್ನಪ್ಪ ಹೇಳ್ತಿದ್ದ. ಎಲ್ಲಾದ್ರೂ ಒಡೆದ ಕಲ್ಲುಮಣ್ಣು ಬಿದ್ದಿದ್ದು ಕಂಡಿದ್ಯಾ ಮಗಾ?"

ಅಂಥ ಎರಡು ರಾಶಿಗಳು ಎಲ್ಲಿವೆಯೆಂದು ನನಗೆ ಗೊತ್ತಿತ್ತು. ಒಂದು ಸಾಧಾರಣ, ಇನ್ನೊಂದು, ಪೂರಾ ಚೀರೆಕಲ್ಲಿನದು, ಬಹಳ ಒಳ್ಳೆಯದು.

"ಸಾಧಾರಣದ್ದೊಂದು ಇದೆ ಸರ್," ಎಂದೆ.